ಬಂಗಾರಕ್ಕುಂಟು ತಕ್ಕಡಿ, ಮದ್ದಿಗಿಲ್ಲ

ಗುರುಗುಂಟಾದ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ವಾಚಕರಲ್ಲಿ ಹಲವರಿಗೆ ಅಮರೇಶ್ವರನ ಜಾತ್ರೆಯ ನೆನಪಾಗುವದು ಸಹಜ. ನಿಜಾಮರ ಆಳಿಕೆಯಲ್ಲಿ ಆ ಊರು ಒಂದು ಪುಟ್ಟ ಸಂಸ್ಥಾನದ ನೆಲೆಯಾಗಿದ್ದಿತೆಂಬದನ್ನು ಬಲ್ಲವರೂ ಇರುವರು. ಆ ಊರಿಗೆ ಸಮೀಪದಲ್ಲಿಯೇ, ಅದೇ ಲಿಂಗಸುಗೂರು ತಾಲ್ಲೂಕಿನಲ್ಲಿ, ಹಟ್ಟಿಯ ಬಂಗಾರದ ಗಣಿಯಿದೆ. ೧೯೪೭ರಲ್ಲಿ ಹೈದರಾಬಾದಿನ ಹೆಸರು ಹೊತ್ತು ಸ್ಥಾಪಿತವಾಗಿ, ಈಗ ಕರ್ನಾಟಕ ಸರಕಾರದ ಕೈಯಲ್ಲಿರುವ ಆ ಕಂಪನಿಯು ನೆಲದಾಳದಿಂದ ಎತ್ತಿ ತರುವ ಒಂದು ಟನ್ ಕಲ್ಲಿನಲ್ಲಿ ದೊರೆಯುವ ಬಂಗಾರವು ಕೆಲವೇ ಗ್ರಾಂ. ಕಲ್ಲಿನ ಮಾದರಿಯನ್ನು ಪುಡಿಮಾಡಿ, ಪರೀಕ್ಷಿಸಿ, ಟನ್ನಿಗೆ ಇಷ್ಟು ಗ್ರಾಮೆಂದು ಪುಸ್ತಕದಲ್ಲಿ ಬರೆದುಕೊಳ್ಳದೆ ಯಾವ ಗಣಿಯೂ ಮುಂದಿನ ಹೆಜ್ಜೆಯನ್ನಿಡಲಾರದು. ಹತ್ತು ಲಕ್ಷ ಪಾಲು ಕಲ್ಲಿನಲ್ಲಿ ಎರಡು ಪಾಲು ಬಂಗಾರವಿದೆಯೋ ನಾಲ್ಕು ಪಾಲು ಇದೆಯೋ ಎಂಬದರ ಮೇಲೆಯೇ ಆ ಉದ್ಯಮದ ಲಾಭನಷ್ಟಗಳು ನಿಂತಿರುವವು.

ಈ ಲೆಕ್ಕವನ್ನು ಇಲ್ಲಿ ಎತ್ತಿದುದಕ್ಕೆ ಕಾರಣವುಂಟು. ಒಂದು ಲೀಟರ್ ನೀರಿನ ತೂಕವು ಹತ್ತು ಲಕ್ಷ ಮಿಲಿಗ್ರಾಂ. ಆದುದರಿಂದ ಒಂದು ಲೀಟರ್ ರಕ್ತದಲ್ಲಿ ಒಂದು ಮಿಲಿಗ್ರಾಂ ಮದ್ದು ಇದೆಯೆಂದರೆ, ಟನ್ ಕಲ್ಲಿನಲ್ಲಿ ಒಂದು ಗ್ರಾಂ ಬಂಗಾರವಿದ್ದಂತೆಯೇ ಸರಿ. ತೀವ್ರ ನಿಗಾ ಘಟಕದಲ್ಲಿ ಮಲಗಿರುವ ರೋಗಿಗೆ ಕೊಡುವ ಕಾಲಿಸ್ಟಿನ್ ಎಂಬ ಮದ್ದು ರಕ್ತದಲ್ಲಿ ಸರಾಸರಿ ಲೀಟರಿಗೆ ೨ ಮಿಲಿಗ್ರಾಂ ಇರಬೇಕೆಂದು ೨೦೧೯ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಹೇಳಿರುವರು. ಅದಕ್ಕಿಂತ ಕಡಿಮೆಯಾದರೆ ರೋಗಾಣುವು ಬದುಕುವದು. ಅದನ್ನು ಮೀರಿ ಏರಿದಂತೆ ಮೂತ್ರಪಿಂಡಗಳು ಕೆಡುವವು. ಹಟ್ಟಿಯ ಕಲ್ಲಿನಲ್ಲಿ ಬಂಗಾರವು ಎಷ್ಟು ವಿರಳವಾಗಿದೆಯೋ ಹೆಚ್ಚುಕಡಿಮೆ ಅಷ್ಟೇ ವಿರಳವಾಗಿ ಈ ಮದ್ದು ರಕ್ತದಲ್ಲಿ ಇರತಕ್ಕದ್ದು. ಕಲ್ಲನ್ನು ಅಳೆಯುವ ತಕ್ಕಡಿ ಲಿಂಗಸುಗೂರು ತಾಲ್ಲೂಕಿನಲ್ಲಿಯೇ ಇದೆ. ರಕ್ತದೊಳಗಿನ ಮದ್ದನ್ನು ಅಳೆಯುವ ಏರ್ಪಾಡು ಮಾತ್ರ ನಮ್ಮ ನಾಡಿನಲ್ಲಿ ಬಹುಮಟ್ಟಿಗೆ ದೊಡ್ಡ ನಗರಗಳ ದೊಡ್ಡ ಆಸ್ಪತ್ರೆಗಳ ಸೊತ್ತಾಗಿಯೇ ಉಳಿದಿದೆ. ಈ ಅಂತರವು ಕೇವಲ ವೈದ್ಯರ ವಿಚಾರವಲ್ಲ, ಆಡಳಿತದ ವಿಚಾರವೆಂದು ತೋರಿಸುವದೇ ಈ ಲೇಖನದ ಉದ್ದೇಶ.

ಮೊದಲು ಮದ್ದುಗಳ ಮಾತು. ರೋಗಾಣುಗಳನ್ನು ಕೊಲ್ಲುವ ಪ್ರತಿಜೀವಕಗಳೆಲ್ಲವೂ ಮೂತ್ರಪಿಂಡಕ್ಕೆ ಶತ್ರುಗಳೆಂದು ಯಾರೂ ಹೆದರಬೇಕಾಗಿಲ್ಲ. ಪೆನ್ಸಿಲಿನ್ನಿನ ವಂಶದ ಮದ್ದುಗಳಲ್ಲಿ ಹೆಚ್ಚಿನವು ಈ ವಿಷಯದಲ್ಲಿ ಸಾಧುಗಳೇ. ಕೇಡಿನ ಭಯವಿರುವದು ಮುಖ್ಯವಾಗಿ ಮೂರು ಬಗೆಯ ಮದ್ದುಗಳಿಂದ. ಜೆಂಟಮೈಸಿನ್, ಅಮಿಕಾಸಿನ್‌ಗಳ ಬಳಗವೊಂದು, ವ್ಯಾಂಕೊಮೈಸಿನ್ ಎಂಬದೊಂದು, ಮೇಲೆ ಹೇಳಿದ ಕಾಲಿಸ್ಟಿನ್ ಮತ್ತು ಅದರ ಸೋದರವಾದ ಪಾಲಿಮಿಕ್ಸಿನ್ ಮತ್ತೊಂದು. ಜೆಂಟಮೈಸಿನ್ ೧೯೬೩ರಲ್ಲಿ ಬೆಳಕಿಗೆ ಬಂದ ಹಳೆಯ ಮದ್ದು. ಅಗ್ಗವಾದುದು, ಗುಣವುಳ್ಳದ್ದು, ತಾಲ್ಲೂಕು ಆಸ್ಪತ್ರೆಯವರಿಗೂ ಚಿರಪರಿಚಿತವಾದುದು. ಅದರ ದೋಷವೆಂದರೆ, ಮೂತ್ರಪಿಂಡದ ಸಣ್ಣ ನಾಳಗಳ ಗೋಡೆಯಲ್ಲಿರುವ ಜೀವಕೋಶಗಳು ಅದನ್ನು ಹೀರಿ ಒಳಗೆ ಕೂಡಿಟ್ಟುಕೊಳ್ಳುವವು. ರಕ್ತದಲ್ಲಿ ಮದ್ದು ತೀರಿದ ಮೇಲೂ ಆ ಕೋಶಗಳಲ್ಲಿ ಅದು ದಿನಗಟ್ಟಲೆ ಉಳಿಯುವದು. ಐದಾರು ದಿನ ಮದ್ದು ನಡೆದ ಬಳಿಕ, ಮೂತ್ರವು ಎಂದಿನಂತೆ ಇಳಿಯುತ್ತಿರುವಾಗಲೇ, ಕೇಡು ಒಳಗೊಳಗೆ ಆರಂಭವಾಗಿರುವದು. ಆ ಕೋಶಗಳು ಒಮ್ಮೆಗೆ ಹೀರಬಲ್ಲ ಪ್ರಮಾಣಕ್ಕೆ ಮಿತಿಯಿರುವದರಿಂದ, ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪವಾಗಿ ಕೊಡುವದಕ್ಕಿಂತ ಒಂದೇ ಸಲ ದೊಡ್ಡ ಪ್ರಮಾಣದಲ್ಲಿ ಕೊಟ್ಟು, ಮುಂದಿನ ಸರದಿಯ ಹೊತ್ತಿಗೆ ರಕ್ತದಲ್ಲಿ ಲೀಟರಿಗೆ ೧ ಮಿಲಿಗ್ರಾಮಿಗಿಂತ ಕೆಳಗೆ ಇಳಿದಿದೆಯೆಂದು ನೋಡಿಕೊಳ್ಳುವದು ಮೇಲೆಂದು ಅನುಭವದಿಂದ ತಿಳಿದುಬಂದಿದೆ. ಇಳಿದಿದೆಯೆಂದು ಅಳೆಯದೆ ತಿಳಿಯುವ ಬಗೆಯಿಲ್ಲ.

ಕಾಲಿಸ್ಟಿನ್ನಿನ ಕಥೆಯು ಇನ್ನೂ ವಿಚಿತ್ರವಾದುದು. ೧೯೫೦ರ ಸುಮಾರಿಗೆ ಜಪಾನಿನಲ್ಲಿ ದೊರೆತ ಈ ಮದ್ದು ಮೂತ್ರಪಿಂಡಗಳಿಗೆ ಕೆಡುಕೆಂದು ೧೯೭೦ರ ದಶಕದ ಹೊತ್ತಿಗೆ ಬಹುತೇಕ ಮೂಲೆಗೆ ಸರಿದಿತ್ತು. ಮಿಕ್ಕ ಮದ್ದುಗಳಿಗೆಲ್ಲ ರೋಗಾಣುಗಳು ಜಗ್ಗದಂತಾದ ಮೇಲೆ, ಮನೆಯಿಂದ ಹೊರಗಟ್ಟಿದ ಆಳನ್ನು ಸುಗ್ಗಿಯ ಕಾಲದಲ್ಲಿ ಕೈಮುಗಿದು ಕರೆತಂದಂತೆ, ವೈದ್ಯಲೋಕವು ಅದನ್ನೇ ಮರಳಿ ಕರೆಯಬೇಕಾಯಿತು. ನಮ್ಮ ದೇಶದ ತೀವ್ರ ನಿಗಾ ಘಟಕಗಳಲ್ಲಿ ಕಾಣುವ ಅಸಿನೆಟೊಬ್ಯಾಕ್ಟರ್ ಎಂಬ ರೋಗಾಣುವಿನ ಬಹುಪಾಲು ತಳಿಗಳು ಮೆರೊಪೆನೆಮ್‌ನಂಥ ಪ್ರಬಲ ಮದ್ದಿಗೂ ಬಗ್ಗುತ್ತಿಲ್ಲವೆಂಬದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ವರ್ಷ ವರ್ಷವೂ ಹೇಳುತ್ತ ಬಂದಿದೆ. ಇಂಥ ಕಡೆಯ ಅಸ್ತ್ರವನ್ನು ಕೋಳಿಗಳು ಬೇಗ ಕೊಬ್ಬಲೆಂದು ಮೇವಿಗೆ ಬೆರಸುತ್ತಿದ್ದ ಕಾಲವೂ ಇತ್ತು. ೨೦೧೯ರ ಜುಲೈಯಲ್ಲಿ ಭಾರತ ಸರಕಾರವು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ಕೊಡುವದನ್ನು ನಿಷೇಧಿಸಿತು. ಕೋಳಿಯ ವಿಷಯದಲ್ಲಿ ಸರಕಾರವು ತೋರಿಸಿದ ಈ ಎಚ್ಚರವನ್ನು ಮನುಷ್ಯನ ಹಾಸಿಗೆಯ ಬಳಿಗೂ ತರಬೇಕೆಂದು ನಾವು ಬೇಡಿದರೆ ಅತಿಯಾಸೆಯಾಗಲಾರದು. ಈ ಮದ್ದನ್ನು ಒಂದು ದೇಶದಲ್ಲಿ ಲಕ್ಷ ಯುನಿಟ್ಟುಗಳಲ್ಲಿಯೂ ಇನ್ನೊಂದು ದೇಶದಲ್ಲಿ ಮಿಲಿಗ್ರಾಮುಗಳಲ್ಲಿಯೂ ಎಣಿಸುವ ರೂಢಿಯಿರುವದರಿಂದ, ಪುಸ್ತಕವೊಂದನ್ನು ನೋಡಿ ಸೀಸೆಯೊಂದರಿಂದ ಕೊಡುವಾಗ ತಪ್ಪುವ ಸಂಭವವೂ ಉಂಟು.

“ಪ್ರಮಾಣವು ಪುಸ್ತಕದಲ್ಲಿ ಬರೆದಿದೆಯಲ್ಲ, ಅದರಂತೆ ಕೊಟ್ಟರಾಯಿತು, ರಕ್ತವನ್ನೇಕೆ ಅಳೆಯಬೇಕು?” ಎಂದು ಕೇಳುವವರಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯೇ ಉತ್ತರ ಕೊಡುವದು. ಅಣೆಕಟ್ಟಿನಲ್ಲಿ ಇಷ್ಟು ಕ್ಯೂಸೆಕ್ ನೀರು ಬಿಟ್ಟಿದೆಯೆಂದು ಕಾಗದದ ಮೇಲೆ ಓದಿ ಕೊನೆಭಾಗದ ರೈತನು ಸಮಾಧಾನಪಡುವನೇ? ಸಿಂಧನೂರು, ಮಸ್ಕಿ, ಮಾನ್ವಿಗಳ ಕಡೆಯ ಒಕ್ಕಲಿಗನು ತನ್ನ ಹತ್ತಿರದ ಗೇಜಿನಲ್ಲಿ ನೀರು ಎಷ್ಟು ಅಡಿ ನಿಂತಿದೆಯೆಂದು ಕೇಳುವನು. ಅದಕ್ಕಾಗಿ ರಸ್ತೆಯಲ್ಲಿ ಕುಳಿತು ಹೋರಾಡುವನು. ನಡುವೆ ಎಷ್ಟು ಸೋರಿತು, ಎಷ್ಟನ್ನು ಮೇಲಿನವರು ಎತ್ತಿಕೊಂಡರು ಎಂಬದು ಅವನಿಗೆ ಗೊತ್ತು. ಬಿಟ್ಟ ನೀರು ಬೇರೆ, ಮುಟ್ಟಿದ ನೀರು ಬೇರೆ. ಸೂಜಿಯಲ್ಲಿ ಹೋದ ಮದ್ದಿಗೂ ರಕ್ತದಲ್ಲಿ ನಿಂತ ಮದ್ದಿಗೂ ಇದೇ ಅಂತರ.

ಸಾಮಾನ್ಯ ರೋಗಿಯಲ್ಲಿ ಈ ಅಂತರವು ಸಣ್ಣದು. ಮರಣಾಂತಿಕ ಸ್ಥಿತಿಯಲ್ಲಿರುವವನಲ್ಲಿ ಅದು ಊಹೆಗೆ ಮೀರಿದ್ದು. ನಂಜು ಮೈಗೆಲ್ಲ ಹರಡಿದಾಗ ರಕ್ತನಾಳಗಳು ಸೋರತೊಡಗುವವು. ರಕ್ತದೊತ್ತಡವನ್ನು ಉಳಿಸಲು ಲೀಟರುಗಟ್ಟಲೆ ಸಲಾಯಿನ್ ಏರಿಸಲಾಗುವದು. ಮೈಯೆಲ್ಲ ಊದಿ, ಮದ್ದು ಹರಡಬೇಕಾದ ಕೆರೆಯೇ ದೊಡ್ಡದಾಗುವದು. ಮೊದಲ ದಿನ ವಾಡಿಕೆಯ ಪ್ರಮಾಣವನ್ನು ಕೊಟ್ಟರೆ ಅದು ಆ ಕೆರೆಯಲ್ಲಿ ಕರಗಿ ನಿಸ್ಸತ್ವವಾಗುವದು. ಹರೆಯದ ಗಾಯಾಳುವಿನಲ್ಲಿ ಮೂತ್ರಪಿಂಡಗಳು ಒಮ್ಮೊಮ್ಮೆ ಎಂದಿಗಿಂತ ಚುರುಕಾಗಿ, ನಿಮಿಷಕ್ಕೆ ೧೩೦ ಮಿಲಿಲೀಟರಿಗೂ ಮಿಕ್ಕಿ ರಕ್ತವನ್ನು ಸೋಸಿ, ಮದ್ದನ್ನು ಹೊರಗೆ ಚೆಲ್ಲಿಬಿಡುವದೂ ಉಂಟು. ಅದೇ ರೋಗಿಗೆ ಮೂರನೆಯ ದಿನ ಒತ್ತಡವು ಕುಸಿದು ಮೂತ್ರಪಿಂಡವು ನಿಧಾನವಾಯಿತೆನ್ನಿರಿ. ನಿನ್ನೆ ಸಾಲದೆ ಹೋದ ಪ್ರಮಾಣವೇ ಇಂದು ಉಳಿದು, ನಾಳೆ ಬೆಳೆದು, ನಾಡಿದ್ದು ವಿಷವಾಗುವದು. ವಿಷವಾದ ಮದ್ದು ಮೂತ್ರಪಿಂಡವನ್ನು ಇನ್ನಷ್ಟು ಕೆಡಿಸುವದು. ಕೆಟ್ಟ ಮೂತ್ರಪಿಂಡವು ಮದ್ದನ್ನು ಇನ್ನಷ್ಟು ಕೂಡಿಡುವದು. ೧೦ ದೇಶಗಳ ೬೮ ತೀವ್ರ ನಿಗಾ ಘಟಕಗಳಲ್ಲಿ ನಡೆದು ೨೦೧೪ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಸೋಂಕಿಗಾಗಿ ಪೆನ್ಸಿಲಿನ್ ವಂಶದ ಮದ್ದನ್ನು ಪಡೆಯುತ್ತಿದ್ದವರಲ್ಲಿ ನೂರಕ್ಕೆ ೧೬ ಮಂದಿಯ ರಕ್ತದಲ್ಲಿ ಕನಿಷ್ಠ ಬೇಕಾದಷ್ಟೂ ಮದ್ದಿರಲಿಲ್ಲ. ಆದುದರಿಂದ “ಮೂತ್ರಪಿಂಡಕ್ಕೆ ಕೇಡು, ಮದ್ದನ್ನು ಇಳಿಸಿರಿ” ಎಂಬ ಬಂಧುಗಳ ಗೋಳಿಗೆ ಮಣಿದು ಕಣ್ಣುಮುಚ್ಚಿ ಇಳಿಸುವದೂ ಕೊಲ್ಲುವ ದಾರಿಯೇ.

ವ್ಯಾಂಕೊಮೈಸಿನ್ ಮದ್ದಿನ ವಿಷಯದಲ್ಲಿ ಪಂಡಿತರೇ ದಾರಿ ಬದಲಿಸಿದ ಸಂಗತಿಯು ಗಮನಾರ್ಹವಾದುದು. ಬೋರ್ನಿಯೋ ದ್ವೀಪದ ಮಣ್ಣಿನಿಂದ ದೊರೆತು ೧೯೫೮ರಲ್ಲಿ ಅಮೆರಿಕೆಯಲ್ಲಿ ಬಳಕೆಗೆ ಬಂದ ಈ ಮದ್ದು ಮೊದಮೊದಲು ಎಷ್ಟು ಅಶುದ್ಧವಾಗಿತ್ತೆಂದರೆ, ಅದರ ಕಂದುಬಣ್ಣವನ್ನು ಕಂಡು ಮಿಸಿಸಿಪಿಯ ಕೆಸರೆಂದೇ ಅದನ್ನು ಹಾಸ್ಯಮಾಡುತ್ತಿದ್ದರು. ಮುಂದೆ ಶುದ್ಧವಾಯಿತು, ಬೇಡಿಕೆಯೂ ಹೆಚ್ಚಿತು. ೨೦೦೯ರಲ್ಲಿ ಅಮೆರಿಕೆಯ ತಜ್ಞಮಂಡಳಿಗಳು, ಗಂಭೀರವಾದ ಸೋಂಕಿನಲ್ಲಿ ಮುಂದಿನ ಸೂಜಿಗೆ ಮೊದಲು ರಕ್ತದಲ್ಲಿ ಲೀಟರಿಗೆ ೧೫ರಿಂದ ೨೦ ಮಿಲಿಗ್ರಾಂ ಉಳಿದಿರಲಿ ಎಂದು ವಿಧಿಸಿದವು. ಆ ವಿಧಿಯನ್ನು ಜಗತ್ತು ಪಾಲಿಸಿತು. ಮೂತ್ರಪಿಂಡಗಳ ಹಾನಿಯೂ ಹೆಚ್ಚಿತು. ಬೆಳಗಿನ ಜಾವ ಬಾವಿಯಲ್ಲಿ ನಿಂತ ನೀರನ್ನಷ್ಟೇ ಅಳೆದು ದಿನವೆಲ್ಲ ಎಷ್ಟು ಎತ್ತಿದಿರೆಂದು ಹೇಳಲಾಗದಷ್ಟೆ. ಆದಕಾರಣ ೨೦೨೦ರಲ್ಲಿ ಅದೇ ಮಂಡಳಿಗಳು ಹಳೆಯ ವಿಧಿಯನ್ನು ಕೈಬಿಟ್ಟು, ೨೪ ತಾಸುಗಳಲ್ಲಿ ರಕ್ತವು ಕಂಡ ಒಟ್ಟು ಮದ್ದನ್ನು ಲೆಕ್ಕ ಹಾಕಿ ಅದನ್ನು ೪೦೦ ಮತ್ತು ೬೦೦ರ ನಡುವೆ ಇಡಬೇಕೆಂದು ಹೇಳಿದವು. ಸರಳವಾಗಿ ಹೇಳಬೇಕೆಂದರೆ, ಹಗಲಿರುಳಿನ ಸರಾಸರಿ ಲೀಟರಿಗೆ ಸುಮಾರು ೧೭ರಿಂದ ೨೫ ಮಿಲಿಗ್ರಾಂ. ಇದಕ್ಕೆ ಸರಿಯಾದ ಹೊತ್ತಿಗೆ ತೆಗೆದ ಎರಡು ಸಣ್ಣ ರಕ್ತದ ಮಾದರಿಗಳು ಸಾಕು. ಗಣಕಯಂತ್ರದ ಸಹಾಯವಿದ್ದರೆ ಒಂದೂ ಸಾಕಾದೀತು. ಅಂದರೆ ಹೆಚ್ಚು ಕೊಟ್ಟರೆ ಹೆಚ್ಚು ಗುಣವೆಂಬ ನಂಬಿಕೆಯನ್ನು ಕೆಡವಿದುದು ಅಳತೆಯೇ. ಅಳೆಯದ ಊರುಗಳಲ್ಲಿ ಆ ನಂಬಿಕೆಯು ಇನ್ನೂ ಜೀವಂತವಾಗಿದ್ದರೆ ಆಶ್ಚರ್ಯವೇನು?

ಈಗ ಗುರುಗುಂಟಾದ ಸುತ್ತಿನ ಒಬ್ಬ ಕೂಲಿ ಹೆಂಗಸನ್ನು ಎಣಿಸಿಕೊಳ್ಳಿರಿ. ಹತ್ತಿಯ ಹೊಲದಲ್ಲಿ ಬಿಸಿಲಿಗೆ ಬೆಂದು, ಸಾಲದಷ್ಟು ನೀರು ಕುಡಿದು, ಬಡಕಲಾದ ಮೈ. ಜ್ವರ ಬಂದಾಗ ಮೊದಲು ಹೋಗುವದು ಊರಿನ ಸೂಜಿಯ ವೈದ್ಯನ ಬಳಿಗೆ. ಅವನು ಏನು ಕೊಟ್ಟನೆಂಬದಕ್ಕೆ ಚೀಟಿಯಿಲ್ಲ. ಅದು ನೋವಿನ ಸೂಜಿಯೂ ಆಗಿರಬಹುದು, ಜೆಂಟಮೈಸಿನ್ನೂ ಆಗಿರಬಹುದು, ಎರಡೂ ಆಗಿರಬಹುದು. ಅಲ್ಲಿಂದ ಲಿಂಗಸುಗೂರಿನ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ರಾಯಚೂರು. ರಾಯಚೂರಿಗೆ ಬಂದಾಗ ಅವಳ ರಕ್ತದ ಕ್ರಿಯಾಟಿನಿನ್ ಪರೀಕ್ಷೆಯು ೦.೯ ಎಂದು ಬಂದಿತೆನ್ನಿರಿ. ಅಚ್ಚಾದ ಕಾಗದದಲ್ಲಿ ಅದು ಸಹಜವಾದ ಅಂಕೆ. ಯಾರ ಹುಬ್ಬೂ ಏರುವದಿಲ್ಲ. ಆದರೆ ಕ್ರಿಯಾಟಿನಿನ್ ಎಂಬದು ಮಾಂಸಖಂಡಗಳಿಂದ ಹುಟ್ಟುವ ವಸ್ತು. ಮಾಂಸವೇ ಇಲ್ಲದ ಆ ಮೈಯಲ್ಲಿ ಆರೋಗ್ಯದ ಕಾಲದಲ್ಲಿ ಅದು ೦.೫ ಇದ್ದಿರಬೇಕು. ೪೮ ತಾಸುಗಳಲ್ಲಿ ೦.೩ರಷ್ಟು ಏರಿದರೂ ಅದನ್ನು ಮೂತ್ರಪಿಂಡದ ತೀವ್ರ ಹಾನಿಯೆಂದು ಬಗೆಯಬೇಕೆಂದು ೨೦೧೨ರ ಅಂತರರಾಷ್ಟ್ರೀಯ ನಿಯಮವಿದೆ. ಆ ಲೆಕ್ಕದಲ್ಲಿ ಅವಳ ಹಾನಿಯು ಆಗಲೇ ಆರಂಭವಾಗಿದೆ. ಹಿಂದಿನ ಅಂಕೆಯಿಲ್ಲದ ಕಾರಣ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಇದಲ್ಲದೆ ಕ್ರಿಯಾಟಿನಿನ್ ಏರುವದು ಕೇಡಾದ ಒಂದೆರಡು ದಿನಗಳ ಮೇಲೆ. ಬೆಂಕಿ ಬಿದ್ದ ಮೇಲೆ ಹೊಗೆ ಕಾಣುವಂತೆ ಅದು ಹಿಂದಿನಿಂದ ಬರುವ ಸುದ್ದಿ. ಮದ್ದಿನ ಅಳತೆಯಾದರೋ ಬೆಂಕಿಗೆ ಮೊದಲೇ ಸಿಗುವ ಎಚ್ಚರಿಕೆ. ಒಂದಿದ್ದರೆ ಇನ್ನೊಂದು ಬೇಡವೆಂದಲ್ಲ, ಎರಡೂ ಬೇಕು.

ನಮ್ಮ ಪಕ್ಷಕ್ಕೆ ವಿರುದ್ಧವಾದ ಸಂಗತಿಗಳನ್ನು ಮುಚ್ಚಿಡುವದು ಪತ್ರಿಕಾಧರ್ಮವಲ್ಲ. ಮದ್ದನ್ನು ಅಳೆದು ಪ್ರಮಾಣವನ್ನು ತಿದ್ದುತ್ತ ಹೋದರೆ ಸಾವು ಕಡಿಮೆಯಾಗುವದೇ ಎಂದು ನೋಡಿದ ಪ್ರಯೋಗಗಳು ೨೦೨೨ರಲ್ಲಿ ಜರ್ಮನಿಯಿಂದ ಒಂದು, ಹಾಲೆಂಡಿನಿಂದ ಒಂದು ಪ್ರಕಟವಾದವು. ಜರ್ಮನಿಯಲ್ಲಿ ೨೪೯, ಹಾಲೆಂಡಿನಲ್ಲಿ ೩೮೮ ರೋಗಿಗಳು. ಎರಡರಲ್ಲಿಯೂ ಅಳೆದವರಿಗೂ ಅಳೆಯದವರಿಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ೨೦೨೪ರಲ್ಲಿ ಪ್ರಕಟವಾದ, ೭೦೦೦ಕ್ಕೂ ಮಿಕ್ಕಿ ರೋಗಿಗಳನ್ನು ಒಳಗೊಂಡ ಇನ್ನೊಂದು ದೊಡ್ಡ ಪ್ರಯೋಗದಲ್ಲಿ ಮದ್ದನ್ನು ಬಿಟ್ಟುಬಿಟ್ಟು ಕೊಡುವದಕ್ಕೆ ಬದಲು ಸತತವಾಗಿ ಹರಿಯಬಿಟ್ಟು ನೋಡಿದರು. ೯೦ ದಿನಗಳೊಳಗಿನ ಸಾವು ನೂರಕ್ಕೆ ೨೬.೮ರಿಂದ ೨೪.೯ಕ್ಕೆ ಇಳಿಯಿತಾದರೂ ಅದು ಆಕಸ್ಮಿಕವಲ್ಲವೆಂದು ಖಚಿತವಾಗಿ ಹೇಳುವಷ್ಟು ದೊಡ್ಡ ಅಂತರವಾಗಲಿಲ್ಲ. ವ್ಯಾಂಕೊಮೈಸಿನ್ ಜೊತೆಗೆ ಪಿಪರಾಸಿಲಿನ್ ಎಂಬ ಮದ್ದನ್ನು ಕೊಟ್ಟಾಗ ಕ್ರಿಯಾಟಿನಿನ್ ಏರುವದು ನಿಜವಾದ ಹಾನಿಯೋ ಬರಿಯ ಅಂಕೆಯ ಏರಿಕೆಯೋ ಎಂಬ ಬಗ್ಗೆಯೂ ಪಂಡಿತರಲ್ಲಿ ಒಮ್ಮತವಿಲ್ಲ.

ಹಾಗಾದರೆ ಅಳತೆಯು ವ್ಯರ್ಥವೇ? ನಮಗೆ ಹಾಗೆ ತೋರುವದಿಲ್ಲ. ಮೇಲಿನ ಮೂರು ಪ್ರಯೋಗಗಳೂ ಮೂತ್ರಪಿಂಡಕ್ಕೆ ಅಷ್ಟು ಹಗೆಯಲ್ಲದ ಮದ್ದುಗಳ ಕುರಿತು, ಬಹುಮಟ್ಟಿಗೆ ಸಾಧನಸಂಪನ್ನ ದೇಶಗಳ ಆಸ್ಪತ್ರೆಗಳಲ್ಲಿ ನಡೆದವು. ಅಲ್ಲಿ ಅಳೆಯದ ರೋಗಿಗೂ ದಿನನಿತ್ಯದ ಕ್ರಿಯಾಟಿನಿನ್, ತೂಕ, ತಾಸಿಗೊಮ್ಮೆ ಮೂತ್ರದ ಲೆಕ್ಕ, ಮದ್ದಿನ ಶಾಸ್ತ್ರವನ್ನೇ ಓದಿದ ಒಬ್ಬ ಸಲಹೆಗಾರ, ಇವೆಲ್ಲವೂ ಇದ್ದೇ ಇರುವವು. ನಾವು ಹೇಳುತ್ತಿರುವದು ವಿಷಕ್ಕೂ ಅಮೃತಕ್ಕೂ ನಡುವೆ ಕೂದಲೆಳೆಯ ಅಂತರವಿರುವ ಮೂರು ಬಗೆಯ ಮದ್ದುಗಳನ್ನು ಕುರಿತು. ಅಲ್ಲದೆ ವರದಿಯು ಮೂರನೆಯ ದಿನ ಬಂದರೆ ಅಳೆದದ್ದೂ ಅಳೆಯದೆ ಇದ್ದದ್ದೂ ಒಂದೇ. ಪೈರು ಒಣಗಿದ ಮೇಲೆ ಬಿದ್ದ ಮಳೆಯಿಂದ ರೈತನಿಗೇನು ಫಲ? ಆಯಾ ದಿನವೇ ಬಂದು, ಆಯಾ ದಿನವೇ ಪ್ರಮಾಣವನ್ನು ತಿದ್ದುವ ಅಳತೆಯನ್ನೇ ನಾವು ಬಯಸುವದು.

೨೦೨೪ರ ನವೆಂಬರದಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಿಂದ ಹೆತ್ತ ತಾಯಂದಿರು ಒಬ್ಬರ ಹಿಂದೊಬ್ಬರಂತೆ, ಮೂತ್ರಪಿಂಡ ಮೊದಲಾದ ಅಂಗಗಳು ಸೋತು ತೀರಿಕೊಂಡುದನ್ನು ವಾಚಕರು ಮರೆತಿರಲಾರರು. ನರಕ್ಕೆ ಏರಿಸಿದ ದ್ರಾವಣದ ಮೇಲೆ ಸಂಶಯ ಬಂದಿತು, ಅದರ ಬಳಕೆಯನ್ನು ತಡೆಯಲಾಯಿತು, ವಿಚಾರಣೆಗಳು ನಡೆದವು. ಅಲ್ಲಿ ಪ್ರಶ್ನೆಯಿದ್ದುದು ಕೊಟ್ಟ ದ್ರಾವಣವು ಶುದ್ಧವಾಗಿತ್ತೇ ಎಂಬದು. ನಾವು ಈ ಹೊತ್ತು ಎತ್ತಿರುವ ಪ್ರಶ್ನೆಯು ಅದಕ್ಕಿಂತ ಮೌನವಾದುದು. ಮದ್ದು ಶುದ್ಧ, ವೈದ್ಯನು ಯೋಗ್ಯ, ರೋಗನಿರ್ಣಯ ಸರಿ. ಆದರೂ ಮೂತ್ರಪಿಂಡವು ಹೋಯಿತು. ಇಂಥಲ್ಲಿ ವಿಚಾರಣೆಯ ಸಮಿತಿಯಿಲ್ಲ, ವಿಧಾನಸಭೆಯಲ್ಲಿ ಪ್ರಶ್ನೆಯಿಲ್ಲ. ನಂಜಿನ ಜ್ವರದಲ್ಲಿ ಮೂತ್ರಪಿಂಡ ಕೆಡುವದು ಸಹಜವೆಂದು ಕಾಗದದಲ್ಲಿ ಬರೆದು ಮುಗಿಸಲಾಗುವದು. ಅದು ಎಷ್ಟೋ ಸಲ ನಿಜವೂ ಹೌದು. ನಂಜೇ ಕೆಡಿಸಿತೋ ಮದ್ದು ಕೆಡಿಸಿತೋ ಎಂದು ಬೇರ್ಪಡಿಸಲು ಅಳತೆಯೊಂದೇ ಸಾಕ್ಷಿ. ಸಾಕ್ಷಿಯನ್ನೇ ಕರೆಯದ ನ್ಯಾಯಾಲಯದಲ್ಲಿ ತೀರ್ಪು ಯಾವಾಗಲೂ ಒಂದೇ.

ಇನ್ನು ಏನು ಮಾಡಬೇಕೆಂಬ ವಿಚಾರ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತದೊಳಗಿನ ಮದ್ದನ್ನು ಅಳೆಯುವ ಯಂತ್ರವಿರಬೇಕೆಂದು ನಾವು ಹಟ ಹಿಡಿಯುವದಿಲ್ಲ. ಅಲ್ಲಿ ಬೇಕಾದುದು ಬಹಳ ಸಾದಾ ಸಂಗತಿಗಳು. ಮೇಲಿನ ಮದ್ದುಗಳಲ್ಲಿ ಯಾವುದನ್ನಾದರೂ ಆರಂಭಿಸುವ ಮೊದಲು, ತುರ್ತು ಚಿಕಿತ್ಸೆಯನ್ನು ತಡೆಯದಂತೆ, ಒಂದು ಕ್ರಿಯಾಟಿನಿನ್, ಆಮೇಲೆ ದಿನಕ್ಕೊಂದು. ರೋಗಿಯ ನಿಜವಾದ ತೂಕ; ಎದುರಿಗೆ ನಿಂತು ಕಣ್ಣಳತೆಯಿಂದ ಐವತ್ತು ಕಿಲೋ ಎಂದು ಬರೆಯುವದಲ್ಲ. ಸಂತೆಯಲ್ಲಿ ಮೆಣಸಿನಕಾಯಿಯನ್ನು ತೂಗುವಷ್ಟಾದರೂ ನಿಷ್ಠೆಯಿಂದ ಮನುಷ್ಯನನ್ನು ತೂಗಲಾಗದೇ? ಮೂತ್ರದ ಲೆಕ್ಕ. ಎಲ್ಲಕ್ಕೂ ಮೇಲಾಗಿ, ರಾಯಚೂರಿಗೆ ಕಳುಹಿಸುವ ಚೀಟಿಯಲ್ಲಿ ಯಾವ ಮದ್ದು, ಎಷ್ಟು, ಯಾವ ದಿನ, ಎಷ್ಟು ಗಂಟೆಗೆ ಕೊಟ್ಟಿತು ಎಂಬ ಒಂದು ಸಾಲು. ಆ ಸಾಲಿಲ್ಲದ ಕಾರಣ ದೊಡ್ಡ ಆಸ್ಪತ್ರೆಯಲ್ಲಿ ಮೊದಲ ದಿನದ ದೊಡ್ಡ ಪ್ರಮಾಣವು ಎರಡು ಸಲ ಹೋಗಬಹುದು, ಇಲ್ಲವೆ ಒಂದು ಸಲವೂ ಹೋಗದಿರಬಹುದು. ಇದಕ್ಕೆ ಹಣ ಬೇಡ, ಆರೋಗ್ಯ ಇಲಾಖೆಯ ಒಂದು ಆಜ್ಞೆ ಸಾಕು. ಆಜ್ಞೆಯನ್ನು ಪಾಲಿಸಿದರೋ ಇಲ್ಲವೋ ಎಂದು ನೋಡುವ ಅಧಿಕಾರಿಯೊಬ್ಬನಿರಬೇಕಷ್ಟೆ.

ರಾಯಚೂರಿನ ಮಟ್ಟದಲ್ಲಿ ಬೇಡಿಕೆಯು ಬೇರೆ. ೨೦೦೭ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಸಂಸ್ಥೆಯು ಅಲ್ಲಿದೆ. ಜಿಲ್ಲೆಯ ಕೊನೆಯ ಆಸರೆಯಾದ ಇಂಥ ಸಂಸ್ಥೆಯಲ್ಲಿ ವ್ಯಾಂಕೊಮೈಸಿನ್, ಜೆಂಟಮೈಸಿನ್, ಅಮಿಕಾಸಿನ್‌ಗಳ ಅಳತೆಯು ಹಗಲಿರುಳೂ, ರವಿವಾರವೂ, ಹಬ್ಬದ ದಿನವೂ ಬಡವನಿಗೆ ಉಚಿತವಾಗಿ ದೊರೆಯತಕ್ಕದ್ದು. ಇದಕ್ಕಾಗಿ ಹೊಸ ಮಹಲು ಬೇಕಾಗಿಲ್ಲ. ಸಕ್ಕರೆಯನ್ನೂ ಕ್ರಿಯಾಟಿನಿನ್ನನ್ನೂ ಅಳೆಯುವ ಸ್ವಯಂಚಾಲಿತ ಯಂತ್ರಗಳಲ್ಲಿ ಹಲವು, ತಕ್ಕ ರಾಸಾಯನಿಕವನ್ನು ಒದಗಿಸಿದರೆ, ಈ ಮದ್ದುಗಳನ್ನೂ ತಾಸೊಂದರೊಳಗೆ ಅಳೆದು ಕೊಡಬಲ್ಲವು. ಕಾಲಿಸ್ಟಿನ್‌ಗೆ ಮಾತ್ರ ಹೆಚ್ಚು ಬೆಲೆಯ ಸಾಧನ ಬೇಕು. ಅದು ಕಲ್ಯಾಣ ಕರ್ನಾಟಕಕ್ಕೆಲ್ಲ ಒಂದು ಕಡೆ ಇದ್ದರೆ ಸದ್ಯಕ್ಕೆ ನಡೆದೀತು.

ಯಂತ್ರಕ್ಕಿಂತ ಮುಖ್ಯವಾದುದು ಅಂಕೆಯನ್ನು ಓದಬಲ್ಲ ಮನುಷ್ಯ. ಮದ್ದಿನ ಪ್ರಮಾಣದ ಶಾಸ್ತ್ರವನ್ನು ಆಸ್ಪತ್ರೆಯಲ್ಲಿಯೇ ಕಲಿಯುವ ಆರು ವರ್ಷಗಳ ಫಾರ್ಮ್‌ ಡಿ. ಶಿಕ್ಷಣವು ಭಾರತದಲ್ಲಿ ೨೦೦೮ರಿಂದ ನಡೆದಿದೆ. ನಮ್ಮ ರಾಜ್ಯದ ಎಷ್ಟೋ ಕಾಲೇಜುಗಳಿಂದ ವರ್ಷ ವರ್ಷವೂ ಇಂಥ ತರುಣ ತರುಣಿಯರು ಹೊರಬೀಳುವರು. ಸರಕಾರಿ ಆಸ್ಪತ್ರೆಗಳಲ್ಲಿ ಅವರ ವಿದ್ಯೆಗೆ ತಕ್ಕ ಹುದ್ದೆಗಳು ವಿರಳ. ಆದುದರಿಂದ ಕೆಲವರು ಪರದೇಶಕ್ಕೆ ಹೋಗುವರು, ಕೆಲವರು ಬೆಂಗಳೂರಿನ ಕಂಪನಿಗಳಲ್ಲಿ ಗಣಕಯಂತ್ರದ ಮುಂದೆ ಕುಳಿತು ಪರದೇಶದ ರೋಗಿಗಳ ಮದ್ದಿನ ಲೆಕ್ಕವನ್ನು ಬರೆಯುವರು. ಲಿ‌ಂಗಸುಗೂರಿನ ರೋಗಿಯ ಲೆಕ್ಕವನ್ನು ಬರೆಯಲು ಅವರಿಗೆ ಕುರ್ಚಿಯಿಲ್ಲ. ತೀವ್ರ ನಿಗಾ ಘಟಕವುಳ್ಳ ಪ್ರತಿಯೊಂದು ಜಿಲ್ಲಾ ಆಸ್ಪತ್ರೆಯಲ್ಲಿ ಇಂಥವರ ಒಂದೆರಡು ಹುದ್ದೆಗಳನ್ನು ನಿರ್ಮಿಸುವದು ಆರೋಗ್ಯ ಸಚಿವರಿಗೆ ಕಷ್ಟದ ಕೆಲಸವಲ್ಲ.

ಹಣದ ಮಾತನ್ನು ಎತ್ತುವವರು ಡಯಾಲಿಸಿಸ್ಸಿನ ಲೆಕ್ಕವನ್ನೂ ಎತ್ತಬೇಕು. ೨೦೧೬ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯಿಂದ ಬಡವರಿಗೆ ಉಚಿತವಾಗಿ ರಕ್ತಶುದ್ಧಿಯ ಸೌಕರ್ಯವು ದೊರೆತಿರುವದು ಸ್ತುತ್ಯವಾದ ಸಂಗತಿ. ಆದರೆ ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ತಾಸಿನಂತೆ, ಜೊತೆಗೆ ಒಬ್ಬ ಬಂಧುವಿನ ಕೂಲಿಯನ್ನೂ ಕಳೆದುಕೊಂಡು ಬದುಕನ್ನು ಸಾಗಿಸುವ ಕುಟುಂಬದ ವೆಚ್ಚವು ಯಾವ ಬಜೆಟ್ಟಿನ ಪುಸ್ತಕದಲ್ಲಿಯೂ ಅಚ್ಚಾಗುವದಿಲ್ಲ. ಮೂತ್ರಪಿಂಡವನ್ನು ಕಳೆದುಕೊಂಡವನಿಗೆ ಸರಕಾರವು ಉದಾರಿ. ಕಳೆದುಕೊಳ್ಳದಂತೆ ಕಾಯುವಲ್ಲಿ ಜಿಪುಣ. ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆಸ್ಪತ್ರೆಗೆ ಸಲ್ಲುವ ಗೊತ್ತಾದ ಮೊತ್ತದಲ್ಲಿಯೇ ಪರೀಕ್ಷೆಗಳ ವೆಚ್ಚವೂ ಅಡಕವಾಗಿರುವದರಿಂದ, ಎಚ್ಚರದಿಂದ ಹೆಚ್ಚು ಪರೀಕ್ಷೆ ಮಾಡಿದ ಆಸ್ಪತ್ರೆಗೆ ಗಂಟಿನ ನಷ್ಟ, ಮಾಡದಿದ್ದವರಿಗೆ ಉಳಿತಾಯ. ಈ ಮೂರು ಮದ್ದುಗಳ ಅಳತೆಗಾದರೂ ಪ್ರತ್ಯೇಕವಾಗಿ ಹಣ ಸಲ್ಲುವಂತೆ ನಿಯಮವನ್ನು ತಿದ್ದುವದು ಅವಶ್ಯ.

ಡಾಕ್ಟರ್ ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ಅತ್ಯಂತ ಹಿಂದುಳಿದವೆಂದು ಹೇಳಿದ ತಾಲ್ಲೂಕುಗಳಲ್ಲಿ ಲಿಂಗಸುಗೂರೂ ಒಂದು. ಸಂವಿಧಾನದ ೩೭೧-ಜೆ ವಿಧಿಯು ಬಂದಿತು. ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್ಟುಗಳಲ್ಲಿ ೫೦೦೦ ಕೋಟಿ ರೂಪಾಯಿಗಳ ಘೋಷಣೆಯೂ ಆಯಿತು. ರಾಯಚೂರಿಗೆ ಅಖಿಲ ಭಾರತ ಮಟ್ಟದ ವೈದ್ಯವಿಜ್ಞಾನ ಸಂಸ್ಥೆ ಬೇಕೆಂದು ೨೦೨೨ರ ಮೇ ತಿಂಗಳಲ್ಲಿ ಕುಳಿತ ಧರಣಿಯು ಸಾವಿರ ದಿನಗಳನ್ನು ದಾಟಿತು. ಆ ಬೇಡಿಕೆಯು ನ್ಯಾಯವಾದುದೆಂದೇ ನಾವು ಬಗೆಯುತ್ತೇವೆ. ಆದರೆ ಮಹಾಸಂಸ್ಥೆಯು ಬರುವ ತನಕ ರಕ್ತದ ಸೀಸೆಗಳು ಕಾಯಬೇಕಾಗಿಲ್ಲ. ಮಸ್ಕಿಯ ಬಂಡೆಯ ಮೇಲಿರುವ ಅಶೋಕನ ಶಾಸನವನ್ನು ೧೯೧೫ರಲ್ಲಿ ಬೆಳಕಿಗೆ ತಂದವನು ಬಂಗಾರದ ಗಣಿಯ ಒಬ್ಬ ಇಂಜಿನಿಯರನೆಂಬದು ಈ ಭಾಗದವರಿಗೆ ಗೊತ್ತಿದ್ದ ವಿಷಯ. ಅದೇ ಅರಸನು ಬೇರೊಂದು ಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ಬೇಕಾದ ಮದ್ದಿನ ಗಿಡಗಳನ್ನು ಅವು ಇಲ್ಲದಲ್ಲಿಗೆ ತರಿಸಿ ನೆಡಿಸಿದುದಾಗಿ ಹೇಳಿಕೊಂಡಿರುವನು. ಮದ್ದು ಈಗ ಮಸ್ಕಿಗೂ ಬಂದಿದೆ, ಲಿಂಗಸುಗೂರಿಗೂ ಬಂದಿದೆ. ಅಳತೆಯು ಅದರ ಹಿಂದೆ ಬರಲಿಲ್ಲ.

ಕಡೆಯದಾಗಿ ಇನ್ನೊಂದು ಮಾತು ಉಳಿದಿದೆ. ತೀವ್ರ ನಿಗಾ ಘಟಕದಿಂದ ಬದುಕಿ ಮನೆಗೆ ಬಂದವರ ಮೂತ್ರಪಿಂಡಗಳಲ್ಲಿ ಎಷ್ಟೋ ಸರಿಹೋಗುವವು. ಕೆಲವು ಅರೆಗೆಟ್ಟು ನಿಂತು, ವರ್ಷಗಳ ಮೇಲೆ ಪೂರ್ಣವಾಗಿ ಕೈಕೊಡುವವು. ಮೂರು ತಿಂಗಳಾದ ಮೇಲೆ ಇಂಥವರ ಕ್ರಿಯಾಟಿನಿನ್ನನ್ನೂ ಮೂತ್ರದಲ್ಲಿಯ ಸಸಾರಜನಕವನ್ನೂ ಮತ್ತೊಮ್ಮೆ ನೋಡಬೇಕೆಂಬದು ಶಾಸ್ತ್ರಸಮ್ಮತವಾದ ನಿಯಮ. ಮನೆಗೆ ಕಳುಹಿಸುವ ಚೀಟಿಯಲ್ಲಿ ಆ ತಾರೀಖನ್ನು ಕನ್ನಡದಲ್ಲಿ ಬರೆದು, ಅದರ ಒಂದು ಪ್ರತಿಯನ್ನು ಊರಿನ ಆಶಾ ಕಾರ್ಯಕರ್ತೆಗೆ ತಲುಪಿಸಿದರೆ ಗುರುಗುಂಟಾದಂಥ ಊರಿನಲ್ಲಿಯೂ ಈ ಕೆಲಸವು ನಡೆಯಬಲ್ಲದು. ಆ ಚೀಟಿಯಲ್ಲಿ ನೋವಿನ ಗುಳಿಗೆ ಮತ್ತು ಸೂಜಿಗಳನ್ನು ಕೇಳದೆ ತೆಗೆದುಕೊಳ್ಳಬಾರದೆಂಬ ಎಚ್ಚರಿಕೆಯನ್ನೂ ಸೇರಿಸತಕ್ಕದ್ದು. ಮುಂದಿನ ಸಲ ಜ್ವರ ಬಂದಾಗ ಆತನು ಮೊದಲು ಹೋಗುವದು ಹಿಂದಿನಂತೆಯೇ ಊರಿನ ಸೂಜಿಯ ವೈದ್ಯನ ಬಳಿಗೇ ಅಲ್ಲವೇ?